ಕಣ್ಣೆದುರು ಹಿಂಡಿದ ಹಾಲು

ನಮ್ಮ ಅತ್ತೆ ಈ ಲೋಕದಲ್ಲಿ ಹೆದರುತ್ತಿದ್ದದ್ದು ಹಾಲಿಗೆ ಬೆರೆಸುವ ನೀರಿಗೆ ಮಾತ್ರ. ಭೂಕಂಪದಲ್ಲಿ ಸಾಸ್ತೂರಿನ ಮನೆ ಮಣ್ಣುಗೂಡಿದಾಗಲೂ ಅವ್ವ ಇಷ್ಟು ಹೆದರಿರಲಿಲ್ಲ ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಿದ್ದರು. ಅದು ಕಿವಿಗೆ ಬಿದ್ದರೆ ಅತ್ತೆ ಬಿಡುತ್ತಿರಲಿಲ್ಲ. "ಭೂಕಂಪ ಒಂದ ಸಲ ಬಂತು, ಹೋಯ್ತು. ಹಾಲಿನವ ದಿನಾ ಬರ್ತಾನ."

ಸಾಸ್ತೂರಿನ ಆ ಹಳೆಯ ಮನೆಯನ್ನು ನಾನು ನೋಡಿಲ್ಲ. ಬಸವಕಲ್ಯಾಣದ ಕಡೆಯಿಂದ ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದು ಬರೀ ಮಾತಿನಲ್ಲಿ ಉಳಿದಿತ್ತು. ಆ ಮಾತಿನಲ್ಲಿ ಸತ್ತವರ ಸುದ್ದಿ ಬಂದರೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಎಮ್ಮೆಗಳ ಸುದ್ದಿ ಬಂದರೆ ಮಾತ್ರ ಬಾಯಿ ಬಿಚ್ಚುತ್ತಿದ್ದರು. ಯಾವುದು ಯಾರ ಕೈಗೆ ತೊರೆ ಬಿಟ್ಟು ಹಾಲಿಳಿಸುತ್ತಿತ್ತು, ಯಾವುದು ಕೆಚ್ಚಲಿಗೆ ಹಾಲು ಇಳಿಸದೆ ಹಟ ಹಿಡಿಯುತ್ತಿತ್ತು, ಯಾವುದು ಮುಂದೆ ಕಡಲೆ ಹೊಟ್ಟು ಇಡದಿದ್ದರೆ ಒದೆಯುತ್ತಿತ್ತು, ಎಲ್ಲ ಹೇಳುತ್ತಿದ್ದರು. ಭೂಕಂಪದ ಮೇಲೆ ತಗಡಿನ ಶೆಡ್ಡಿನಲ್ಲಿದ್ದು, ಆಮೇಲೆ ಹೊಸ ಊರಿನಲ್ಲಿ ಕಟ್ಟಿಸಿಕೊಟ್ಟ ಮನೆಗೆ ಹೋದರಂತೆ. ಸಾಲು ಹಿಡಿದ ಮನೆ, ನೆಟ್ಟಗಿನ ರಸ್ತೆ, ನಳ, ಬಚ್ಚಲು ಎಲ್ಲ ಇತ್ತು. ದನ ಕಟ್ಟುವ ಜಾಗ ಮಾತ್ರ ಇರಲಿಲ್ಲ. "ನಕ್ಷಾ ಬರದವರು ಹಾಲ ಗಿಡದಾಗ ಹುಟ್ತದ ಅಂತ ತಿಳಕೊಂಡಿದ್ರು ಕಾಣ್ತದ" ಎಂದು ಅತ್ತೆ ಇಂದಿಗೂ ಬೈಯುತ್ತಾರೆ. ಎಮ್ಮೆಗಳನ್ನು ಮಾರಿದರು. ಮಾವನವರು ಉಮರ್ಗಾದ ಬಜಾರಿನ ಗಲ್ಲಿಯಲ್ಲಿ ಕಾಳುಕಡಿ, ಹಿಂಡಿ, ಹೊಟ್ಟಿನ ಅಂಗಡಿ ಹಾಕಿದರು. ಅಂಗಡಿಯ ಹಿಂದೆಯೇ ಮನೆ. ಹಾಗೆ ತಲೆತಲಾಂತರದಿಂದ ಹಾಲು ಹಿಂಡಿದ ಮನೆ ಹಾಲು ಕೊಳ್ಳುವ ಮನೆಯಾಯಿತು. ಅತ್ತೆಯ ಸಂಶಯ ಹುಟ್ಟಿದ್ದು ಅಲ್ಲಿಂದ.

ನಮ್ಮ ಗಲ್ಲಿಯಲ್ಲಿ ಒಂದು ಪದ್ಧತಿ ಇತ್ತು. ಹಾಲು ಮನೆಗೆ ಬರುತ್ತಿರಲಿಲ್ಲ, ಎಮ್ಮೆಯೇ ಬರುತ್ತಿತ್ತು. ಹಾಲಿನವನಿಗೆ ಇದ್ದದ್ದು ಅದೊಂದೇ ಎಮ್ಮೆ. ಬೆಳಿಗ್ಗೆ ಅದನ್ನು ಹಿಡಿದುಕೊಂಡು ಗಲ್ಲಿಯ ತುದಿಯಿಂದ ಹೊರಡುತ್ತಿದ್ದ. ಒಂದೊಂದು ಬಾಗಿಲಿಗೂ ನಿಲ್ಲಿಸಿ, ಆ ಮನೆಗೆ ಬೇಕಾದಷ್ಟು ಅಲ್ಲೇ ಹಿಂಡಿ, ಮುಂದಿನ ಬಾಗಿಲಿಗೆ ಹೊಡೆದುಕೊಂಡು ಹೋಗುತ್ತಿದ್ದ. ಕಣ್ಣೆದುರು ಹಿಂಡಿದ ಹಾಲು ಎಂದರೆ ನಮ್ಮ ಗಲ್ಲಿಯವರಿಗೆ ಒಂದು ಹೆಮ್ಮೆ. ಬೀಗರು ಬಂದರೆ ಚಹಾದ ಜೊತೆ ಅದನ್ನೂ ಹೇಳಿ ಕಳಿಸುತ್ತಿದ್ದರು.

ಈ ಪದ್ಧತಿಗೆ ಅತ್ತೆಯೇ ಮುಖ್ಯಸ್ಥೆ. ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಮಣೆ ತಂದು ಹೊಸ್ತಿಲ ಹೊರಗೆ ಕೂರುತ್ತಿದ್ದರು. ಹಾಲಿನವ ಚರಿಗೆಯನ್ನು ಬೋರಲು ಹಾಕಿ ತೋರಿಸಬೇಕು. ಅತ್ತೆ ಒಳಗೆ ಬೆರಳಾಡಿಸಿ ನೋಡಬೇಕು. ಅಂವ ಅಂಗಿಯ ತೋಳು ಮೊಳಕೈಯವರೆಗೆ ಏರಿಸಬೇಕು. ಒಮ್ಮೆ ಅತ್ತೆ ಅವನ ರುಮಾಲನ್ನೂ ಬಿಚ್ಚಿಸಿದರು.

"ಅವ್ವಾರ, ರುಮಾಲದಾಗ ನೀರ ಹ್ಯಾಂಗ ಇಡ್ಲಿ?"

"ನನಗ್ಯಾನ ಗೊತ್ತಪ್ಪಾ. ಇಡಾಂವ ನೀ."

"ದೇವಾಶಪಥ, ತಲ್ಯಾಗ ಹೇನ ಬಿಟ್ರ ಯಾನೂ ಇಲ್ಲ."

"ಹೇನ ಹಾಲಿನಾಗ ಬಿದ್ದಾವು, ಸುತಕೋ."

ಮೊದಮೊದಲು ಎಮ್ಮೆಯ ಹಿಂದೆ ಅದರ ಕರುವೂ ಬರುತ್ತಿತ್ತು. ಕರು ಹೋಗಿ ಕೆಚ್ಚಲಿಗೆ ಮೂತಿ ಗುದ್ದಬೇಕು, ಎಮ್ಮೆ ಅದನ್ನು ಮೂಸಬೇಕು, ಆಗ ತೊರೆ ಬಿಡುತ್ತಿತ್ತು. ಅದು ಗಂಡುಕರು. ಬೇಸಿಗೆಯಲ್ಲಿ ಸತ್ತಿತು. ಎಮ್ಮೆಯ ಗಂಡುಕರು ಹೇಗೆ ಸತ್ತಿತು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅದರ ಪಾಲಿನ ಹಾಲೂ ನಮ್ಮ ಚರಿಗೆಗೇ ಬೀಳುತ್ತಿತ್ತು.

ಕರು ಇಲ್ಲದ ಎಮ್ಮೆಯನ್ನು ಅದರ ಜಾಗದಲ್ಲೇ ಕಟ್ಟಿ, ಮುಂದೆ ಮೇವಿಟ್ಟು, ಮೈ ಸವರಿದರೆ ಹೇಗೋ ಹಾಲು ಬಿಟ್ಟೀತು. ಇಲ್ಲಿ ಹಾಗಲ್ಲ. ಒಂದು ಬಾಗಿಲಲ್ಲಿ ನಾಯಿ, ಇನ್ನೊಂದರಲ್ಲಿ ಸ್ಕೂಟರ್, ನಮ್ಮ ಬಾಗಿಲಲ್ಲಿ ಮಣೆಯ ಮೇಲೆ ಕುಳಿತು ಕಣ್ಣು ಕೀಲಿಸಿದ ಅತ್ತೆ. ಎಮ್ಮೆ ಹಾಲನ್ನು ಮೇಲಕ್ಕೆ ಎಳೆದುಕೊಂಡು ನಿಂತುಬಿಟ್ಟಿತು. ಅಂವ ಎಷ್ಟು ಎಳೆದರೂ ಚರಿಗೆಯ ತಳ ನೆನೆಯಲಿಲ್ಲ.

ಅದಾಗಿ ಕೆಲವು ದಿನಕ್ಕೆ ಅವನ ಅಂಗಿಯ ಜೇಬಿನಲ್ಲಿ ಸಿರಿಂಜು ಬಂತು. ಜೊತೆಗೆ ನೀರಿನಂಥ ಔಷಧಿಯ ಒಂದು ಬಾಟಲಿ, ಮೇಲೆ ಚೀಟಿಯಿಲ್ಲ, ಹೆಸರಿಲ್ಲ. ನಮ್ಮ ಬಾಗಿಲಿಗೆ ಬಂದು ಎಮ್ಮೆಯ ಪಿರ್ರೆಗೆ ಚುಚ್ಚುತ್ತಿದ್ದ. ಎಮ್ಮೆ ಚರ್ಮ ನಡುಗಿಸಿ, ಬೆನ್ನು ಬಾಗಿಸಿ, ಬಾಲ ಎತ್ತಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಹಾಲು ನೊರೆನೊರೆಯಾಗಿ ಇಳಿಯುತ್ತಿತ್ತು. ಗಲ್ಲಿಯ ಆ ತುದಿಗೆ ಹೋಗುವಷ್ಟರಲ್ಲಿ ಮತ್ತೊಂದು ಚುಚ್ಚು.

ಕದ್ದುಮುಚ್ಚಿ ಮಾಡಿದನೇ ಎಂದರೆ ಅದೂ ಇಲ್ಲ. ಹಾಡುಹಗಲು, ಎಲ್ಲರ ಕಣ್ಣೆದುರು. ನಮ್ಮ ಅತ್ತೆಯಂತೂ ಮಣೆಯ ಮೇಲಿಂದ ಅದನ್ನು ನೋಡಿ ಮೆಚ್ಚಿಕೊಂಡರು. "ನೋಡ, ಎಮ್ಮೀಗಿ ತಾಕತ್ತಿನ ಸೂಜಿ ಹಾಕ್ಲತ್ತಾನ. ನಿಯತ್ತಿನ ಮನಷ್ಯಾ." ಹೀಗೆ ಹೇಳಿ ಮತ್ತೆ ಚರಿಗೆಯ ಕಡೆ ಕಣ್ಣು ತಿರುಗಿಸಿದರು. ಅವರು ಕಾಯುತ್ತಿದ್ದದ್ದು ನೀರನ್ನು. ಸೂಜಿ ಅವರ ಲೆಕ್ಕದಲ್ಲೇ ಇರಲಿಲ್ಲ.

ಆ ವರ್ಷ ನಿಲಂಗಾಕ್ಕೆ ಕೊಟ್ಟಿದ್ದ ನಾದಿನಿ ಚೊಚ್ಚಲ ಬಾಣಂತನಕ್ಕೆ ಬಂದಳು. ಅತ್ತೆ ಅವಳಿಗೆಂದು ಹಾಲು ಹೆಚ್ಚಿಗೆ ಮಾಡಿಸಿದರು. ಅದೇ ಸುಮಾರಿಗೆ ಉದಗೀರದಲ್ಲಿ ದನದ ಡಾಕ್ಟರಾಗಿದ್ದ ನನ್ನ ತಮ್ಮ ನಮ್ಮನ್ನು ನೋಡಿಹೋಗಲು ಬಂದು ಉಳಿದಿದ್ದ. ಬೆಳಿಗ್ಗೆ ಬಾಗಿಲ ಮೆಟ್ಟಿಲಲ್ಲಿ ಹಲ್ಲುಜ್ಜುತ್ತ ನಿಂತವನು ಹಾಲಿನವನ ಕೈ ಜೇಬಿಗೆ ಹೋದದ್ದನ್ನು ಕಂಡ. ಬಾಯಲ್ಲಿದ್ದ ಪೇಸ್ಟನ್ನು ಉಗುಳಿ, ಹೋಗಿ ಬಾಟಲಿ ಕಸಿದುಕೊಂಡ.

"ಇದೆಲ್ಲಿ ಸಿಕ್ತಪಾ ನಿನಗ?"

"ಎಲ್ಲಾ ಕಡಿ ಸಿಗ್ತದ ಸಾಹೇಬ. ಪಾನಪಟ್ಟಿ ಅಂಗಡ್ಯಾಗ ಭಿ ಇಡ್ತಾರ."

"ಅತ್ತಿ, ಇದು ತಾಕತ್ತಿನ ಸೂಜಿ ಅಲ್ರಿ" ಎಂದು ತಮ್ಮ ನಮ್ಮ ಅತ್ತೆಯ ಕಡೆ ತಿರುಗಿದ. "ಬ್ಯಾನಿ ತರಿಸೂದು ಅದ. ದವಾಖಾನ್ಯಾಗ ಬಸರಿ ಹೆಣ್ಮಕ್ಕಳಿಗಿ ಹೆರಿಗಿ ತಡಾ ಆದ್ರ ಕೊಡ್ತಾರಲ್ಲ, ಅದೇ ಹಾರ್ಮೋನು. ಹಿಂಗ ಹಾಲ ಇಳಸಲಿಕ್ಕ ಬಳಸಬಾರದು ಅಂತ ಕಾಯದಾ ಅದ."

ಅತ್ತೆ ಮಣೆಯಿಂದ ಎದ್ದು ನಿಂತರು. ಅಷ್ಟೊತ್ತಿಗೆ ನಾದಿನಿ ಒಳಗಿನಿಂದ ಹಾಲಿನ ಲೋಟ ಹಿಡಿದುಕೊಂಡೇ ಬಂದಿದ್ದಳು. ಅತ್ತೆ ಅದನ್ನು ಕಿತ್ತುಕೊಂಡು ಚರಂಡಿಗೆ ಚೆಲ್ಲಿದರು.

ಮಧ್ಯಾಹ್ನದೊಳಗೆ ಗಲ್ಲಿಯೆಲ್ಲ ಗುಲ್ಲು. ಇನ್ನೂ ಮೈನೆರೆಯುವ ವಯಸ್ಸಾಗದ ಹುಡುಗಿಯರು ಬೇಗ ದೊಡ್ಡವರಾಗುತ್ತಾರಂತೆ, ಗಂಡಸರಿಗೆ ಎದೆ ಬರುತ್ತದಂತೆ, ಬಸುರಿಯರಿಗೆ ದಿನ ತುಂಬುವ ಮೊದಲೇ ನೋವು ಬರುತ್ತದಂತೆ. ಯಾರು ಹೇಳಿದರೋ ಯಾರು ಕೇಳಿದರೋ. ಎಲ್ಲರೂ ನನ್ನ ತಮ್ಮನ ಸುತ್ತ ಕೂಡಿದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಅದು ಹಾಲಿನಲ್ಲಿ ನಮಗೆ ಬರುತ್ತದೋ ಇಲ್ಲವೋ?

ತಮ್ಮ ಪಾಪ, ಸುಳ್ಳು ಹೇಳುವವನಲ್ಲ. "ನಮಗ ತಿಳದ ಮಟ್ಟಿಗಿ ಹಾಲಿನಾಗ ಅಷ್ಟೇನ ಬರೂದಿಲ್ರಿ. ಬಂದರೂ ಹೊಟ್ಟ್ಯಾಗ ಊಟದಂಗ ಅರಗಿ ಹೋಗ್ತದ. ಮಂದಿ ಹೇಳೂದೆಲ್ಲಾ ಖರೆ ಅಲ್ಲ. ಆದ್ರ ಎಮ್ಮಿ..."

ಅವನ 'ಆದ್ರ'ವನ್ನು ಯಾರೂ ಕೇಳಲಿಲ್ಲ. ನಮಗೇನೂ ಆಗುವುದಿಲ್ಲ ಎಂದ ಕೂಡಲೇ ಎಲ್ಲರೂ ಸೀರೆ ಕೊಡವಿಕೊಂಡು ಎದ್ದರು. ನಾವೆಲ್ಲ ಕಾಕೂ ಎನ್ನುವ ಪಕ್ಕದ ಮನೆಯ ಚಿಕ್ಕಮ್ಮ ಅಂತೂ, "ಸುಮ್ಮ ಹೆದರಿಸ್ದಿ ನೋಡಪಾ ಡಾಕ್ಟರ, ಚಹಾ ಬಿಟ್ಟು ತಲಿ ನೋಯ್ಲತ್ತಿತ್ತು" ಎಂದು ಅವನಿಗೇ ಬೈದು ಹೋದರು. ನಮ್ಮ ಅತ್ತೆಯೂ, "ಹಂಗಾರ ನೀರಕಿಂತ ವಾಸಿ ಆಯ್ತು ಬಿಡು" ಎಂದರು.

ನಾನು ಅಡುಗೆಮನೆಯಲ್ಲಿ ಚಪಾತಿಯ ಹಿಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚಾಗಿ ನಾದಿದೆ. ಇವರಿಗೆ ಏನು ಹೇಳುವುದು? ಆಗ ಹೊಸ ಜಾತಿಯ ಹತ್ತಿಬೀಜ ಬಂದಿತ್ತು. ಯಾವುದೋ ಕ್ರಿಮಿಯ ಗುಣವನ್ನು ಬೀಜದೊಳಗೆ ಸೇರಿಸಿದ್ದಾರೆ, ಹುಳು ತಿಂದರೆ ಸಾಯುತ್ತದೆ ಎಂದು ಸುದ್ದಿ. ನಮ್ಮ ಅಂಗಡಿಗೆ ಸರಕಿ ಹಿಂಡಿ, ಅಂದರೆ ಹತ್ತಿಕಾಳಿನ ಹಿಂಡಿ ಒಯ್ಯಲು ಬಂದವರೆಲ್ಲ ಕೇಳುತ್ತಿದ್ದರು: "ಶೇಟಜಿ, ಇದು ಹಳೇ ಸರಕೀದೋ ಹೊಸಾದೋ? ಎಮ್ಮಿ ತಿಂದ್ರ ಹಾಲಿನಾಗ ಬಂದೀತು." ನಮ್ಮ ಮನೆಯವರು, "ಗಾಣದಾಗ ಎಲ್ಲಾ ಒಂದೇ ಆಗ್ತದ, ಹಿಂಡೀಗಿ ಜಾತಿ ಬರದಿರ್ತದೇನು?" ಎಂದು ತೂಕಕ್ಕೆ ಹಾಕುತ್ತಿದ್ದರು. ತಮ್ಮನನ್ನು ಕೇಳಿದರೆ, ಅದನ್ನು ಇನ್ನೂ ವರ್ಷಗಟ್ಟಲೆ ನೋಡಬೇಕು, ಈಗಲೇ ಹೌದು ಅಲ್ಲ ಎನ್ನಲಾರೆ ಎಂದ. ಅದು ನನಗೆ ಒಪ್ಪಿತವಾಗಿತ್ತು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಹತ್ತಿಯೊಳಗಿನ ಕಾಣದ ಕ್ರಿಮಿಯ ಬಗ್ಗೆ ಅಷ್ಟು ವಿಚಾರಣೆ ಮಾಡುವ ಇದೇ ಮಂದಿಗೆ, ತಮ್ಮ ಹೊಸ್ತಿಲಲ್ಲೇ ಬೆನ್ನು ಬಾಗಿಸಿ ನಿಂತ ಎಮ್ಮೆ ಕಾಣುತ್ತಿರಲಿಲ್ಲವಲ್ಲ. ನಮಗೇನಾಗುತ್ತದೆ ಎಂಬಲ್ಲಿಗೆ ಇವರ ತಿನ್ನುವ ಉಣ್ಣುವ ನ್ಯಾಯವೆಲ್ಲ ಮುಗಿದು ಹೋಗುತ್ತಿತ್ತು. ಎಮ್ಮೆಗೇನಾಗುತ್ತದೆ ಎಂದು ಕೇಳಿದವರು ಒಬ್ಬರೂ ಇಲ್ಲ.

ಕೇಳಿದವನು ಒಬ್ಬನಿದ್ದ, ಹಾಲಿನವನೇ. ಸಂಜೆ ತಮ್ಮ ಬಸ್ಸಿಗೆ ಹೊರಡುವ ಮುಂಚೆ ಬಂದು ಅಂಗಡಿಯ ಮೂಟೆಗಳ ಮಗ್ಗುಲಲ್ಲಿ ನಿಂತ.

"ಸಾಹೇಬ, ಎಮ್ಮಿ ಗಬ್ಬ ನಿಂದರಲ್ಲಾಗ್ಯಾದ. ಬೆದಿಗಿ ಬರ್ತದ, ಕೋಣ ಬಿಡಸ್ತೀನಿ, ಮತ್ತ ಬೆದಿಗಿ ಬರ್ತದ. ಇದರದು ಏನರೆ ಸಂಬಂಧ ಅದ ಏನು?"

"ದಿನಾ ಚುಚ್ಚಿದ್ರ ಗರ್ಭಕೋಶ ದಿನಾ ಹಿಂಡ್ತದ. ನೋವು ಅದಕ್ಕ. ಗಬ್ಬ ನಿಲ್ಲದ್ದಕ್ಕ ಇದೇ ಕಾರಣ ಅಂತ ನಾ ಬರದು ಕೊಡಲಾರೆ. ಆದ್ರ ಬಿಟ್ಟ ನೋಡು. ಹಟ್ಟ್ಯಾಗೇ ಕಟ್ಟು, ತಿರುಗಾಡಿಸಬ್ಯಾಡ, ಅಲ್ಲೇ ಹಿಂಡು. ಮೊದ್ಲ ಹಾಲ ಕಮ್ಮಿ ಆಗ್ತದ, ಆಮ್ಯಾಲ ರೂಢಿ ಆಗ್ತದ."

"ಹಟ್ಟ್ಯಾಗ ಹಿಂಡಿ ಕ್ಯಾನಿನಾಗ ತಂದ್ರ ಈ ಗಲ್ಲ್ಯಾಗ ಯಾರ ತಗೋತಾರ್ರಿ?" ಅಂವ ನಮ್ಮ ಬಾಗಿಲ ಕಡೆ ನೋಡಿದ. "ಕಣ್ಣ ಮುಂದ ಹಿಂಡು ಅಂತಾರ. ಕಣ್ಣ ಮುಂದ ಅದು ಸೂಜಿ ಇಲ್ದೆ ಬಿಡೂದಿಲ್ಲ. ಗಬ್ಬ ನಿಲ್ಲಲಿಲ್ಲಂದ್ರ ದಲ್ಲಾಳಿ ಕಸಾಯಿಖಾನಿಗಿ ಒಯ್ತಾನ. ಆಗಲೇ ಬಂದು ಬೆನ್ನ ಚಿವುಟಿ ನೋಡಿ ಹೋಗ್ಯಾನ."

ಆಗ ನನಗೆ ಇಡೀ ಗಂಟು ಬಿಚ್ಚಿಕೊಂಡಿತು. ಆ ಸೂಜಿಯನ್ನು ಗಲ್ಲಿಗೆ ತಂದದ್ದು ನೀರಿನ ಭಯ. ಶುದ್ಧ ಹಾಲು ಬೇಕೆಂದು ಹಟ ಹಿಡಿದೇ ನಾವು ಆ ಪ್ರಾಣಿಯನ್ನು ಬಾಗಿಲು ಬಾಗಿಲಿಗೆ ನಿಲ್ಲಿಸಿದ್ದು. ಈಗ ಅದರ ಜೀವ ಉಳಿಯಬೇಕೆಂದರೆ ಯಾರಾದರೊಬ್ಬರು ಕಣ್ಣು ಮುಚ್ಚಿ ಹಾಲು ತೆಗೆದುಕೊಳ್ಳಬೇಕು. ಗಲ್ಲಿಯಲ್ಲಿ ಅದನ್ನು ಮೊದಲು ಮಾಡಬೇಕಾದವರು ನಮ್ಮ ಅತ್ತೆ. ಅವರು ಒಪ್ಪಿದರೆ ಉಳಿದವರಲ್ಲಿ ನಾಲ್ಕು ಮನೆಯಾದರೂ ಒಪ್ಪುತ್ತಿದ್ದವು.

ಅತ್ತೆಗೆ ಹೇಳಿದೆ. ರೊಟ್ಟಿ ಬಡಿಯುತ್ತ ಹೇಳಿದೆ, ಕಾಳು ಆರಿಸುತ್ತ ಹೇಳಿದೆ, ತಲೆಗೆ ಎಣ್ಣೆ ಹಚ್ಚುತ್ತ ಹೇಳಿದೆ.

"ಅತ್ತಿ, ನೀವೇ ಎಮ್ಮಿ ಸಾಕಿದವರು. ನಿಮಗ ಗೊತ್ತಾಗೂದಿಲ್ಲೇನು?"

"ಗೊತ್ತಾಗ್ಲತ್ತದ. ಹಂಗಂತ ಅವನ ಹಟ್ಟ್ಯಾಗಿನ ನೀರ ಕುಡೀಲಿ? ಅದೂ ಹುಡುಗಿ ಬಸರಿ ಇದ್ದಾಗ?"

"ನೀರ ಕುಡದು ಯಾರ ಸತ್ತಾರ್ರಿ?"

"ನಿನ್ನ ತವರಾಗ ನೀರೇ ಕುಡೀತಿದ್ರಿ ಕಾಣ್ತದ. ಅದಕ್ಕೇ ಹಿಂಗ ತೆಳ್ಳಗ ಇದ್ದಿ."

ನಮ್ಮ ಮನೆಯವರು ನಡುವೆ ಬಾಯಿ ಹಾಕಿ ಪಾಕೀಟು ಹಾಲು ತರುತ್ತೇನೆ ಎಂದರು. ಅತ್ತೆ ಅವರನ್ನು ಅಂಗಡಿಗೆ ಅಟ್ಟಿದರು. ದಿನಾ ಬೆಳಿಗ್ಗೆ ಸೂಜಿ, ದಿನಾ ಬೆಳಿಗ್ಗೆ ನನ್ನ ಮುಖ ಗಂಟು. ನಾನು ಚಹಾ ಬಿಟ್ಟೆ. ಅದರಿಂದ ಎಮ್ಮೆಗೆ ಏನೂ ಆಗಲಿಲ್ಲ. ನನ್ನ ಪಾಲಿನದ್ದನ್ನು ಅತ್ತೆ ನಾದಿನಿಯ ಲೋಟಕ್ಕೆ ಸುರಿದರು, ಅಷ್ಟೇ.

ನಾದಿನಿಗೆ ದಿನ ತುಂಬಿತು, ನೋವು ಬರಲಿಲ್ಲ. ಬಂದದ್ದೂ ಅರ್ಧಕ್ಕೆ ನಿಂತಿತು. ದವಾಖಾನೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರಮ್ಮ ನೋಡಿ, ಸಲಾಯಿನಿನಲ್ಲಿ ಔಷಧಿ ಹಾಕಿಸಿ, ನರ್ಸನ್ನು ಮಗ್ಗುಲಲ್ಲೇ ಕೂರಿಸಿದರು. ನರ್ಸ್ ಒಂದೊಂದು ಹನಿಗೂ ಕಣ್ಣಿಟ್ಟು, ಆಗಾಗ ಹೊಟ್ಟೆ ಮುಟ್ಟಿ, ಮಗುವಿನ ಎದೆಬಡಿತ ಕೇಳಿ ಗುಂಡಿ ತಿರುವುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಾದಿನಿ ಅತ್ತೆಯ ಕೈ ಹಿಡಿದು ಸೊಂಟ ಬಾಗಿಸಿದಳು. ನೋವು ಬಿಟ್ಟಿತು, ಮತ್ತೆ ಬಂತು.

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು. "ಇದು ಅದೇ ಅದ ಏನು?"

"ಅದೇ ಅತ್ತಿ."

ಅವರು ಹನಿಗಳನ್ನೇ ನೋಡುತ್ತ ಕುಳಿತರು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅತ್ತೆ ಆ ಔಷಧಿಯನ್ನು ಬೈಯಲಿಲ್ಲ. ನರ್ಸಿನ ಕೈಗೆ ಪೇಢೆ ಕೊಟ್ಟು, "ಎಷ್ಟ ಜತನದಿಂದ ಹಾಕ್ದಿ ತಾಯಿ" ಎಂದರು. ಕೆಟ್ಟದ್ದು ಆ ನೀರಿನಂಥ ಔಷಧಿಯಲ್ಲಿ ಇರಲಿಲ್ಲ ಎಂದು ನನಗೂ ಅಲ್ಲೇ ತಿಳಿಯಿತು.

ಮರುದಿನ ಬೆಳಿಗ್ಗೆ ಹಾಲಿನವ ಜೇಬಿಗೆ ಕೈ ಹಾಕಿದಾಗ ಅತ್ತೆ ಮಣೆಯ ಮೇಲಿಂದಲೇ ತಡೆದರು.

"ಇಡು ಅದನ್ನ. ಎಮ್ಮಿ ಹೊಡಕೊಂಡ ಮನೀಗಿ ನಡಿ. ನಾಳಿಂದ ಹಟ್ಟ್ಯಾಗ ಹಿಂಡಿ ತಾ."

"ಅವ್ವಾರ, ಆಮ್ಯಾಲ ನೀರ ಹಾಕ್ದಿ ಅಂತ ಬೈಬ್ಯಾಡ್ರಿ."

"ಬೈತೀನಿ. ಬೈಸ್ಕೋ."

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದಿದ್ದೆ. ಎಲ್ಲಿಯ ಸರಿ. ಸೂಜಿಗೆ ರೂಢಿಯಾದ ಎಮ್ಮೆ ಹಟ್ಟಿಯಲ್ಲೂ ಪೂರಾ ಹಾಲು ಬಿಡಲಿಲ್ಲ. ಗಲ್ಲಿಯ ಮನೆಗಳು ಒಂದು ವಾರ ಅರೆಬರೆ ಹಾಲು ತೆಗೆದುಕೊಂಡು, ಆಮೇಲೆ ಬೇರೊಬ್ಬನನ್ನು ಗೊತ್ತು ಮಾಡಿಕೊಂಡವು. ಅಂವ ಎರಡು ಎಮ್ಮೆ ಹೊಡೆದುಕೊಂಡು ಬಾಗಿಲಿಗೇ ಬರುತ್ತಿದ್ದ, ಕಣ್ಣೆದುರೇ ಹಿಂಡುತ್ತಿದ್ದ, ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮದು ಮತ್ತು ಪಕ್ಕದ ಕಾಕೂನದು ಎರಡೇ ಮನೆ ಉಳಿದವು. ಕಾಕೂ ಉಳಿದದ್ದೂ ಅತ್ತೆಗೆ ಹೆದರಿ.

ಮೇಲಾಗಿ, ನೋಡುವವರಿಲ್ಲದ ಮೇಲೆ ಅಂವ ನೀರನ್ನೂ ಹಾಕಿದ. ಅತ್ತೆ ಒಂದು ಗುಟುಕು ಬಾಯಲ್ಲಿ ಆಡಿಸಿ, ಅವನನ್ನು ಕರೆದು ಮುಂದೆ ನಿಲ್ಲಿಸಿಕೊಂಡರು. ಇಷ್ಟು ದಿನದ ಪಾಡು ಇಲ್ಲಿಗೆ ನೀರುಪಾಲು ಎಂದುಕೊಂಡೆ.

"ಎಷ್ಟ ಹಾಕೀದಿ?"

ಅಂವ ತಲೆ ತಗ್ಗಿಸಿದ. "ಎರಡ ಮನೀಗಿ ಸಾಲವಲ್ದು ಅವ್ವಾರ. ಮನಸ್ಸ ತಡೀಲಿಲ್ಲ."

"ನೀರ ಹಾಕ್ದಂದ್ರ ನನಗ ಹೇಳಿ ಹಾಕು. ಸೂಜಿ ಹಾಕ್ದಿ ಅಂತ ಗೊತ್ತಾಯ್ತಂದ್ರ, ನಿನ್ನ ರುಮಾಲದ ಹಗ್ಗಾ ಮಾಡಿ ನಿನ್ನೇ ಕಟ್ತೀನಿ."

ಅವತ್ತಿನಿಂದ ಅತ್ತೆ ಅಂಗಡಿಯಿಂದ ಕಡಲೆ ಹೊಟ್ಟು ಕಟ್ಟಿಕೊಂಡು ತಾವೇ ಅವನ ಹಟ್ಟಿಗೆ ಹೋಗತೊಡಗಿದರು. ಬಿಸಿನೀರಲ್ಲಿ ಅರಿವೆ ಅದ್ದಿ ಕೆಚ್ಚಲು ಒರೆಸುವುದು, ಕೊರಳು ತುರಿಸುವುದು, ಏನೇನೋ ಮಾತಾಡುವುದು. ಎಮ್ಮೆ ಕೆಲವು ದಿನ ಒದೆಯಿತು. ಕೆಲವು ದಿನ ಸುಮ್ಮನೆ ನಿಂತಿತು. ಆಮೇಲೊಂದು ದಿನ ಸ್ವಲ್ಪ ಹೆಚ್ಚಿಗೆ ಇಳಿಸಿತು. ದಲ್ಲಾಳಿ ಮತ್ತೊಮ್ಮೆ ಬಂದಾಗ ಅತ್ತೆ ಅಲ್ಲೇ ಇದ್ದರಂತೆ. ಅಂವ ಬೆನ್ನು ಚಿವುಟಲು ಕೈ ನೀಡಿದ್ದಕ್ಕೆ, "ಮೊದ್ಲ ನಿಂದು ಚಿವುಟಿ ನೋಡ್ತೀನಿ ಬಾ" ಎಂದರಂತೆ. ಹಾಲಿನವ ನಗುತ್ತ ಹೇಳಿದ.

ಮಳೆ ಮುಗಿದ ಮೇಲೆ ನನ್ನ ತಮ್ಮ ಉದಗೀರದಿಂದ ಬಂದ. ಹಟ್ಟಿಗೆ ಹೋಗಿ ಕೈಗೆ ಉದ್ದನೆಯ ಗ್ಲೌಸು ಹಾಕಿ ಪರೀಕ್ಷೆ ಮಾಡಿದ. ಹಾಲಿನವ ಎಮ್ಮೆಯ ಮುಖ ಹಿಡಿದುಕೊಂಡು, ತಮ್ಮನ ಮುಖ ನೋಡುತ್ತ ನಿಂತಿದ್ದ. ತಮ್ಮ ಒಳಗೆಲ್ಲ ಬೆರಳಾಡಿಸಿ ನೋಡಿದ. ಆಮೇಲೆ ಕೈ ಹೊರಗೆ ತೆಗೆದು, "ಗಬ್ಬ ಅದ" ಎಂದ. "ಸೂಜಿ ಬಿಟ್ಟಿದ್ದಕ್ಕೇ ನಿಂತಾದ ಅಂತ ಆಣಿ ಮಾಡಿ ಹೇಳಲಾರೆ. ಆದ್ರ ನಿಂತಾದ."

ಹಾಲಿನವ ಎಮ್ಮೆಯ ಹಣೆಗೆ ತನ್ನ ಹಣೆ ಹಚ್ಚಿದ. ಇನ್ನು ಅದನ್ನು ಯಾರೂ ಒಯ್ಯುವಂತಿರಲಿಲ್ಲ.

ಗಬ್ಬದ ದಿನ ಏರಿದಂತೆ ಎಮ್ಮೆಯ ಹಾಲು ಇಳಿಯಿತು, ಕೊನೆಗೆ ನಿಂತಿತು. ಹೊಸ ಹಾಲಿನವ ಆ ಸುದ್ದಿ ತಿಳಿದು ನಮ್ಮ ಬಾಗಿಲಿಗೂ ಬಂದ. ಕರು ಎಲ್ಲಿ ಎಂದು ಅತ್ತೆ ಕೇಳಿದರು. "ಕರು ಯಾರ ತಿರುಗಸ್ತಾರ್ರಿ ಈಗ" ಎಂದ. ಅತ್ತೆ ಬಾಗಿಲು ಮುಂದೆ ಮಾಡಿಕೊಂಡರು. ಇನ್ನೂ ತವರಲ್ಲೇ ಇದ್ದ ನಾದಿನಿಗೆ ಸಾಕಾಗುವಷ್ಟು ಹಾಲನ್ನು ಸೂಜಿ ಹಾಕದ ಪರಿಚಯದ ಹಟ್ಟಿಯೊಂದರಿಂದ ನಾನೇ ಹೋಗಿ ತರುತ್ತಿದ್ದೆ, ಅಲ್ಲಿ ಮಿಗುತ್ತಿದ್ದದ್ದು ಅಷ್ಟೇ. ಉಳಿದವರಿಗೆಲ್ಲ ಬೆಲ್ಲದ ಕರಿ ಚಹಾ.

ನಮ್ಮ ಮನೆಯವರು ದಿನಾ ಲೋಟದೊಳಗೆ ಇಣುಕಿ ನೋಡಿ ಮುಖ ಹಿಂಡುತ್ತಿದ್ದರು. "ಒಂದು ಎಮ್ಮಿ ಈಯೂತನಾ ಇಡೀ ಮನಿ ಇದನ್ನ ಕುಡೀಬೇಕೇನು?"

"ಅದು ಈಯ್ದ ಮ್ಯಾಲ ಮೊದ್ಲ ಕರು ಕುಡೀತದ" ಎಂದರು ಅತ್ತೆ. "ಆಮ್ಯಾಲ ನಿನ್ನ ಪಾಳಿ."